ವಯಸ್ಸಿಗೊಂದು ಬಿಪಿ ಇದೆಯೇ?

ಮೂವತ್ತು ದಾಟಿದವರೆಲ್ಲರ ಬಿಪಿ ನೋಡುವುದು, 140/90 ಮುಟ್ಟಿದವರನ್ನು ವೈದ್ಯರ ಬಳಿಗೆ ಕಳಿಸುವುದು: ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಈ ಪದ್ಧತಿ ಕೊಡಗಿನ ಹಾರಂಗಿ ಅಣೆಕಟ್ಟೆಯ ಆಸುಪಾಸಿನ ಹಳ್ಳಿಗಳಿಗೂ ಅನ್ವಯಿಸುತ್ತದೆ. ಮೂವತ್ತರ ಕೂಲಿಯಾಳಿಗೂ ಎಪ್ಪತ್ತರ ಅಜ್ಜಿಗೂ ಗೆರೆ ಒಂದೇ.

ಈ ಗೆರೆ ಬರುವ ಮೊದಲು ಬಳಕೆಯಲ್ಲಿದ್ದುದು ವಯಸ್ಸಿಗೆ ನೂರು ಕೂಡಿಸುವ ಲೆಕ್ಕ. ಅದರ ಪ್ರಕಾರ ಎಪ್ಪತ್ತರವರಿಗೆ 170 ಇದ್ದರೂ ಚಿಂತೆಯಿಲ್ಲ. ಎಷ್ಟೋ ಹಿರಿಯರನ್ನು ಚಿಕಿತ್ಸೆಯಿಂದ ದೂರ ಇಟ್ಟ ಅಪಾಯಕಾರಿ ಲೆಕ್ಕವಿದು. ವಯಸ್ಸಾದಂತೆ ಮಹಾಪಧಮನಿ ಬಿರುಸಾಗಿ ಮೇಲಿನ ಸಂಖ್ಯೆ ಏರುತ್ತದೆ, ಐವತ್ತರ ಆಚೆಗೆ ಕೆಳಗಿನದು ಇಳಿಯತೊಡಗುತ್ತದೆ. ಆದರೆ ಹೆಚ್ಚಿನವರಲ್ಲಿ ಕಾಣುವುದೆಲ್ಲ ಆರೋಗ್ಯದ ಲಕ್ಷಣವಲ್ಲ. ಉಪ್ಪನ್ನು ಬಹುತೇಕ ಬಳಸದ ಬ್ರೆಜಿಲ್‌ನ ಯಾನೊಮಾಮಿ ಜನರಲ್ಲಿ ವಯಸ್ಸಿನೊಂದಿಗೆ ಒತ್ತಡ ಏರುವುದಿಲ್ಲವೆಂದು 1988ರ ಇಂಟರ್‌ಸಾಲ್ಟ್ ಅಧ್ಯಯನ ತೋರಿಸಿತು. ಎಂಬತ್ತು ದಾಟಿದವರಿಗೂ ಔಷಧಿ ಕೊಟ್ಟು ಒತ್ತಡ ಇಳಿಸಿದರೆ ಸಾವು ಮತ್ತು ಹೃದಯ ವೈಫಲ್ಯ ಕಡಿಮೆಯಾಗುತ್ತವೆಂದು 2008ರ ಹೈವೆಟ್ ಪ್ರಯೋಗ ಸಾಬೀತುಪಡಿಸಿತು. ಎಲ್ಲರಿಗೂ ಒಂದೇ ಗೆರೆ ಹಾಕಿದ್ದು ಸರಿಯೇ.

ಸಡಿಲವಿರುವುದು ಅಳತೆಯಲ್ಲಿ. ತೋಟದಿಂದ ಏರು ಹತ್ತಿ ಬಂದವರನ್ನು, ಆಗಷ್ಟೇ ಕಾಫಿ ಕುಡಿದವರನ್ನು ಕೂರಿಸಿದ ಕೂಡಲೇ ಪಟ್ಟಿ ಸುತ್ತಿದರೆ ಬರುವ ಸಂಖ್ಯೆ ನಂಬುವಂಥದ್ದಲ್ಲ. ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಎರಡು ಸಲ ಅಳೆಯಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಳತೆ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಮಾತ್ರೆ ನುಂಗುವ ಹಿರಿಯರನ್ನು ನಿಲ್ಲಿಸಿಯೂ ನೋಡಬೇಕು: ಎದ್ದಾಗ ಮೇಲಿನ ಸಂಖ್ಯೆ 20ರಷ್ಟು ಕುಸಿದರೆ ತಲೆಸುತ್ತಿ ಬೀಳುವ ಭಯವಿದೆ. ವಯಸ್ಸಿಗೆ ಲೆಕ್ಕ ಸಲ್ಲಬೇಕಾದದ್ದು ಇಲ್ಲಿ, ಔಷಧಿಯ ಪ್ರಮಾಣ ಮತ್ತು ವೇಗದಲ್ಲಿ.

ಪದ್ಧತಿಯ ಇನ್ನೊಂದು ಕೊರತೆ ಮೂವತ್ತರ ಕೆಳಗಿನವರದು. ಉಪ್ಪಿನ ಮೀನು, ಉಪ್ಪಿನಕಾಯಿ, ಮದ್ಯ, ಬೊಜ್ಜು ಇವುಗಳ ಪರಿಣಾಮ ಇಪ್ಪತ್ತರಲ್ಲೇ ಶುರುವಾಗುತ್ತದೆ, ನೋವಿಲ್ಲದ ಕಾರಣ ಯಾರೂ ಬಿಪಿ ನೋಡಿಸುವುದಿಲ್ಲ. ಹದಿನೆಂಟು ತುಂಬಿದವರನ್ನೂ ಒಮ್ಮೆಯಾದರೂ ಅಳೆಯುವುದು ನ್ಯಾಯ. ಮಕ್ಕಳಿಗೆ ಮಾತ್ರ ಈ ಗೆರೆ ಸಲ್ಲದು. ಹದಿಮೂರರವರೆಗೆ ವಯಸ್ಸು, ಲಿಂಗ, ಎತ್ತರ ಮೂರನ್ನೂ ನೋಡಿ ಕೋಷ್ಟಕದಿಂದ ತೀರ್ಮಾನಿಸಬೇಕು. ಗರ್ಭಿಣಿಯರಿಗೆ ಮೂವತ್ತರ ಮಿತಿಯಿಲ್ಲ. ಪ್ರತಿ ತಪಾಸಣೆಯಲ್ಲೂ ಬಿಪಿ ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು, 140/90 ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು.