ಕೆ.ಎಲ್. ರಾಹುಲ್ ಯಾವ ಸಾಲಿನ ಬ್ಯಾಟರ್?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಕ್ರಿಕೆಟ್ ಮಾತು ಎದ್ದರೆ ಕೆ.ಎಲ್. ರಾಹುಲ್ ಬಗ್ಗೆ ಎರಡು ತೀರ್ಪುಗಳು ಸಿದ್ಧವಾಗಿಯೇ ಇರುತ್ತವೆ. ‘ನಮ್ಮ ಮಂಗಳೂರಿನ ಹುಡುಗ, ಅವನಷ್ಟು ಚೆಂದ ಆಡುವವರು ಯಾರಿದ್ದಾರೆ?’ ಎನ್ನುವುದು ಒಂದು. ‘ಟೆಸ್ಟ್ ಸರಾಸರಿ ಮೂವತ್ತಾರರ ಆಸುಪಾಸು, ಅವನನ್ನು ದೊಡ್ಡವರ ಸಾಲಿಗೆ ಎಳೆಯಬೇಡಿ’ ಎನ್ನುವುದು ಇನ್ನೊಂದು. ಮೊದಲನೆಯದು ಊರಿನ ಮೇಲಿನ ಪ್ರೀತಿ, ಎರಡನೆಯದು ಭಾಗಾಕಾರದ ಲೆಕ್ಕ. ಪ್ರೀತಿಯೂ ಲೆಕ್ಕವೂ ಬೇಕಾದವೇ. ಆದರೆ ಆಡಿದ ಇನಿಂಗ್ಸನ್ನು ಎದುರಿಗಿಟ್ಟುಕೊಂಡು ನೋಡುವ ಶ್ರಮವನ್ನು ಎರಡೂ ತಪ್ಪಿಸಿಬಿಡುತ್ತವೆ.

ರಾಹುಲ್ ಹುಟ್ಟಿದ್ದು 1992ರಲ್ಲಿ, ಬೆಂಗಳೂರಿನಲ್ಲಿ. ಬೆಳೆದದ್ದು ಸುರತ್ಕಲ್ಲಿನಲ್ಲಿ. ತಂದೆ ಅಲ್ಲಿನ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರು, ತಾಯಿ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ. ಬ್ಯಾಟಿಂಗಿನ ಪಾಠ ಮಂಗಳೂರಿನ ನೆಹರೂ ಮೈದಾನದಲ್ಲಿ, ಸ್ಯಾಮುಯೆಲ್ ಜಯರಾಜ್ ಅವರ ಬಳಿ. 2015ರ ಜನವರಿಯಲ್ಲಿ ಸಿಡ್ನಿಯಲ್ಲಿ ಮೊದಲ ಟೆಸ್ಟ್ ಶತಕ ಹೊಡೆದು ಬಂದವರು, ಕೆಲವೇ ವಾರಗಳಲ್ಲಿ ಉತ್ತರ ಪ್ರದೇಶದ ಎದುರು 337 ರನ್ ಪೇರಿಸಿದರು. ರಣಜಿಯಲ್ಲಿ ಕರ್ನಾಟಕದ ಪರ ಬಂದ ಮೊದಲ ತ್ರಿಶತಕ ಅದು. ವಿಶ್ವನಾಥ್, ಬ್ರಿಜೇಶ್ ಪಟೇಲ್, ದ್ರಾವಿಡ್ ಆಡಿದ ತಂಡದಲ್ಲಿ ಇದು ಸಣ್ಣ ಮಾತಲ್ಲ.

ನಮ್ಮ ಈ ತಾಲ್ಲೂಕುಗಳ ಕ್ರಿಕೆಟ್ ಕಣ್ಣು ಬೆಳೆದದ್ದು ಬೇರೆ ರೀತಿ. ಕೊಯ್ಲು ಮುಗಿದ ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ, ರಾತ್ರಿ ಹೊನಲು ಬೆಳಕಿನಲ್ಲಿ ನಡೆಯುವ ಅಂಡರ್ ಆರ್ಮ್ ಪಂದ್ಯಾಟಗಳೇ ಇಲ್ಲಿಯ ಪಾಠಶಾಲೆ. ಕೆಲವೇ ಓವರಿನ ಆಟ, ಸಣ್ಣ ಬೌಂಡರಿ, ಮೈಕಿನಲ್ಲಿ ಬಿಡುವಿಲ್ಲದ ವೀಕ್ಷಕ ವಿವರಣೆ. ಅಲ್ಲಿ ಬಾಲ್ ಬಿಟ್ಟವನಿಗೆ ಚಪ್ಪಾಳೆ ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ಆ ಆಟಕ್ಕೆ ಅದರದೇ ಜಾಣತನವಿದೆ, ತಗ್ಗಾಗಿ ಬರುವ ಬಾಲನ್ನು ಎತ್ತಿ ಸಿಕ್ಸರ್ ಕಳಿಸುವುದು ಸುಲಭವಲ್ಲ. ಆದರೆ ಆ ಕಣ್ಣಿನಿಂದಲೇ ಲಾರ್ಡ್ಸ್‌ನ ಮೊದಲ ಗಂಟೆಯನ್ನು ನೋಡಿದರೆ ಅಲ್ಲಿ ನಡೆಯುತ್ತಿರುವ ದೊಡ್ಡ ಕೆಲಸ ಕಾಣದೆ ಹೋಗುತ್ತದೆ. ರಾಹುಲ್ ಅವರ ಅತ್ಯುತ್ತಮ ಬ್ಯಾಟಿಂಗಿನ ಅರ್ಧ ಭಾಗ ಆಡದೆ ಬಿಟ್ಟ ಬಾಲುಗಳಲ್ಲಿದೆ.

ಹಿರಿಮೆಯನ್ನು ಅಳೆಯುವ ಬಗೆಯಾದರೂ ನಮ್ಮವರಿಗೆ ಗೊತ್ತಿಲ್ಲದ್ದಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು, ಅಂದರೆ ಓಟದ ಕೆಸರುಗದ್ದೆಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ಬರ್ಲಿನ್ನಿನಲ್ಲಿ 2009ರಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ದೇಶವಿಡೀ ಗುಲ್ಲೆದ್ದಿತು, ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಅದೇ ತಿಂಗಳು ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ದಾಟಿದರು. ಮರುವರ್ಷ ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನಲ್ಲಿ ಗೌಡರ ಓಟದ ನೂರು ಮೀಟರ್ ಲೆಕ್ಕ ಒಂಬತ್ತು ಸೆಕೆಂಡಿಗಿಂತಲೂ ಕೆಳಗಿಳಿಯಿತು. ಈ ಗದ್ದಲದಲ್ಲಿ ಅತ್ಯಂತ ಪಕ್ವವಾದ ಮಾತು ಬಂದದ್ದು ಗೌಡರಿಂದಲೇ. ಕಂಬಳದಲ್ಲಿ ಕೆಲಸ ಹಿಮ್ಮಡಿಯದು, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳದು, ಅದು ಬೇರೆ ಇದು ಬೇರೆ ಎಂದು ಹೇಳಿ ಅವರು ಟ್ರಯಲ್ಸಿಗೆ ಹೋಗಲಿಲ್ಲ. ಕಂಬಳ ಬಲ್ಲವರು ಸಮಯವನ್ನು ಕೇಳುವ ಮೊದಲೇ ಕರೆ ಎಲ್ಲಿಯದು, ಕೋಣ ಯಾರ ಮನೆಯದು, ಜೋಡುಕರೆಯ ಇನ್ನೊಂದು ಬದಿಯಲ್ಲಿ ಓಡಿದ ಜೋಡಿ ಯಾವುದು ಎಂದು ಕೇಳುತ್ತಾರೆ.

ಅಷ್ಟೇ ಅಲ್ಲ, ಒಂದೇ ಕಂಬಳದಲ್ಲಿ ಎರಡು ಅಳತೆಗಳಿವೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ಯಾರು ಮೊದಲು ಗುರಿಯಾದ ಮಂಜೊಟ್ಟಿ ಮುಟ್ಟಿದರು ಎಂಬುದು ಮುಖ್ಯ. ಕನೆಹಲಗೆಯಲ್ಲಿ ವೇಗದ ಲೆಕ್ಕವೇ ಇಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಆರೂವರೆ ಕೋಲಿನ ನಿಶಾನೆಗೆ ಹಾಯಿತೋ, ಏಳೂವರೆ ಕೋಲಿನದಕ್ಕೆ ಹಾಯಿತೋ ಎಂಬುದಷ್ಟೇ ಪ್ರಶ್ನೆ. ಬ್ಯಾಟಿಂಗಿನಲ್ಲಿ ಸರಾಸರಿ ಮೊದಲ ಬಗೆಯ ಅಳತೆ, ವರ್ಷಗಟ್ಟಲೆ ಓಡಿದ ಓಟದ ಸಾರ. ಎರಡನೆಯ ಬಗೆಯ ಅಳತೆಯೂ ಬ್ಯಾಟಿಂಗಿಗೆ ಬೇಕು, ಅಂದರೆ ಅತಿ ಕಷ್ಟದ ದಿನ ನೀರು ಎಷ್ಟು ಎತ್ತರಕ್ಕೆ ಹೋಯಿತು ಎಂಬುದು. ಸಾರ್ವಕಾಲಿಕ ಶ್ರೇಷ್ಠರಾದವರು ಎರಡರಲ್ಲೂ ಗೆದ್ದವರು. ರಾಹುಲ್ ಎರಡನೆಯದರಲ್ಲಿ ಬಹಳ ಎತ್ತರಕ್ಕೆ ಹೋಗಿದ್ದಾರೆ, ಮೊದಲನೆಯದರಲ್ಲಿ ಹಿಂದೆ ಬಿದ್ದಿದ್ದಾರೆ. ಹಾಗಾಗಿಯೇ ಅವರ ಸ್ಥಾನ ಹೇಳುವುದು ಕಷ್ಟ.

ಸರಾಸರಿಯೊಂದನ್ನೇ ಹಿಡಿದವರು ಗುಂಡಪ್ಪ ವಿಶ್ವನಾಥರನ್ನು ಎಲ್ಲಿ ಕೂರಿಸುತ್ತಾರೆ? 91 ಟೆಸ್ಟ್, 6080 ರನ್, ಸರಾಸರಿ 41.93. ಐವತ್ತರ ಗೆರೆ ಎಳೆದು ದೊಡ್ಡವರನ್ನು ಆರಿಸಿದರೆ ವಿಶಿ ಹೊರಗುಳಿಯುತ್ತಾರೆ. ಆದರೂ 1975ರ ಮದ್ರಾಸ್ ಟೆಸ್ಟ್ ಗೊತ್ತಿರುವ ಯಾರೂ ಅವರನ್ನು ಹೊರಗಿಡಲಾರರು. ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ ಏಳು ವಿಕೆಟ್ ಕಿತ್ತ ಆ ಇನಿಂಗ್ಸಿನಲ್ಲಿ ಭಾರತ ಗಳಿಸಿದ್ದು 190, ಅದರಲ್ಲಿ ವಿಶ್ವನಾಥ್ ಅಜೇಯ 97. ಭಾರತ ನೂರು ರನ್ನಿನಿಂದ ಗೆದ್ದಿತು. ಈಗ 2017ರ ಮಾರ್ಚಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬನ್ನಿ. ನೇಥನ್ ಲಯನ್ 50 ರನ್ನಿಗೆ ಎಂಟು ವಿಕೆಟ್ ಪಡೆದರು, ಭಾರತ 189ಕ್ಕೆ ಮುಗಿಯಿತು, ಅದರಲ್ಲಿ ರಾಹುಲ್ 90. ಎರಡನೆಯ ಇನಿಂಗ್ಸಿನಲ್ಲಿ ಮತ್ತೆ 51. ಭಾರತ 75 ರನ್ನಿನಿಂದ ಗೆದ್ದಿತು, ಪಂದ್ಯಶ್ರೇಷ್ಠ ರಾಹುಲ್. ಎರಡು ಇನಿಂಗ್ಸ್‌ಗಳ ಆಕಾರ ಇಷ್ಟು ಹತ್ತಿರವಿದ್ದರೂ ಒಂದು ದಂತಕಥೆಯಾಗಿದೆ, ಇನ್ನೊಂದನ್ನು ಹೇಳಿದರೆ ‘ಹೌದಾ?’ ಎನ್ನುವವರೇ ಹೆಚ್ಚು. ರಾಬರ್ಟ್ಸ್ ಅವರ ಬೆಂಕಿಯ ವೇಗ ಬೇರೆ, ಬಿರುಕು ಬಿಟ್ಟ ಪಿಚ್ಚಿನಲ್ಲಿ ಲಯನ್ ಎಬ್ಬಿಸಿದ ಪುಟಿತ ಬೇರೆ, ಒಪ್ಪುತ್ತೇನೆ. ವಿಶಿಯ ಇನಿಂಗ್ಸನ್ನೇ ಮೇಲಿಡುತ್ತೇನೆ ಕೂಡ. ಆದರೆ ಬೆಂಗಳೂರಿನ ಆ ತೊಂಬತ್ತನ್ನು ಕನ್ನಡಿಗರೇ ಮರೆತದ್ದು ನ್ಯಾಯವಲ್ಲ.

ರಾಹುಲ್ ಅವರ ನಿಜವಾದ ಎತ್ತರ ಇಂಗ್ಲೆಂಡಿನಲ್ಲಿ. 2025ರ ಕೊನೆಯವರೆಗೆ ಅವರ ಟೆಸ್ಟ್ ಶತಕಗಳು 11, ಅವುಗಳಲ್ಲಿ 9 ವಿದೇಶದಲ್ಲಿ, ನಾಲ್ಕು ಇಂಗ್ಲೆಂಡಿನಲ್ಲೇ. ಗವಾಸ್ಕರ್ ಅವರಿಗೂ ಇಂಗ್ಲೆಂಡಿನಲ್ಲಿ ಬಂದದ್ದು ಎರಡೇ. ಲಾರ್ಡ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಶತಕ ಹೊಡೆದ ಭಾರತೀಯರು ವೆಂಗ್‌ಸರ್ಕಾರ್ ಬಿಟ್ಟರೆ ರಾಹುಲ್ ಒಬ್ಬರೇ. 2021ರಲ್ಲಿ ಅವರು ಆರಂಭಿಕನ ಸ್ಥಾನಕ್ಕೆ ಮರಳಿದ್ದೇ ಆಕಸ್ಮಿಕ: ನೆಟ್ಸ್‌ನಲ್ಲಿ ಮಯಾಂಕ್ ಅಗರ್ವಾಲ್ ಅವರ ಹೆಲ್ಮೆಟ್ಟಿಗೆ ಸಿರಾಜ್ ಬಾಲ್ ಬಡಿಯಿತು, ಟ್ರೆಂಟ್ ಬ್ರಿಜ್‌ನಲ್ಲಿ ಆ ಜಾಗ ಖಾಲಿಯಾಯಿತು. ಅಲ್ಲಿ 84, ಮುಂದಿನ ಟೆಸ್ಟಿನಲ್ಲಿ ಲಾರ್ಡ್ಸ್‌ನಲ್ಲಿ 129. ಮೂರು ವರ್ಷ ಹಿಂದಿನ ರಾಹುಲ್ ಒಳಕ್ಕೆ ತಿರುಗುವ ಬಾಲಿಗೆ ಬ್ಯಾಟು-ಪ್ಯಾಡಿನ ನಡುವೆ ಬಾಗಿಲು ತೆರೆದಿಡುತ್ತಿದ್ದರು, ಹೊರಕ್ಕೆ ಹೋಗುವುದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. 2021ರವರು ಬಾಲ್ ಕಣ್ಣಿನ ಕೆಳಗೆ ಬರುವ ತನಕ ಕಾದರು. ಆಫ್ ಸ್ಟಂಪ್ ಎಲ್ಲಿದೆ ಎಂಬುದನ್ನು ಬಿಟ್ಟ ಬಾಲುಗಳಲ್ಲೇ ತೋರಿಸಿದರು. ಆ್ಯಂಡರ್ಸನ್ ತಮ್ಮ ನೆಲದಲ್ಲಿ, ತಮಗೆ ಒಲಿದ ಗಾಳಿಯಲ್ಲಿ ಬೌಲ್ ಮಾಡುತ್ತಿದ್ದಾಗ ಒಬ್ಬ ಭಾರತೀಯ ಆರಂಭಿಕ ಅಷ್ಟು ನಿಶ್ಚಿಂತೆಯಿಂದ ನಿಂತದ್ದು ಅಪರೂಪ.

2025ರ ಸರಣಿ ಇದಕ್ಕಿಂತಲೂ ದೊಡ್ಡದು. ಕೊಹ್ಲಿ, ರೋಹಿತ್ ಟೆಸ್ಟ್ ಬಿಟ್ಟ ಮೇಲಿನ ಮೊದಲ ಪ್ರವಾಸ. ಹೆಡಿಂಗ್ಲಿಯಲ್ಲಿ 137, ಲಾರ್ಡ್ಸ್‌ನಲ್ಲಿ 100, ಒಟ್ಟು 532 ರನ್. ನನಗೆ ಎಲ್ಲಕ್ಕಿಂತ ಮಿಗಿಲೆನಿಸುವುದು ಮ್ಯಾಂಚೆಸ್ಟರಿನ 90. ಮೊದಲ ಓವರಿನಲ್ಲೇ ಸೊನ್ನೆಗೆ ಎರಡು ವಿಕೆಟ್ ಬಿದ್ದಿದ್ದವು, ಪಂದ್ಯ ಕೈಬಿಟ್ಟಂತೆಯೇ ಇತ್ತು. ಅಲ್ಲಿಂದ ಗಿಲ್ ಜೊತೆ 188 ರನ್ನಿನ ಜೊತೆಯಾಟ, ಕೊನೆಗೆ ಡ್ರಾ. ಶತಕದ ಪಟ್ಟಿಯಲ್ಲಿ ಈ ಇನಿಂಗ್ಸ್ ಇಲ್ಲ, ಸರಾಸರಿಯಲ್ಲಿ ಅದೂ ಬರಿಯ ತೊಂಬತ್ತು. ಲಾರ್ಡ್ಸ್‌ನ ಶತಕದ ಮೇಲೆ ಮಾತ್ರ ನನ್ನದೊಂದು ಆಕ್ಷೇಪವಿದೆ. ಊಟದ ವಿರಾಮಕ್ಕೆ ಮೊದಲೇ ರಾಹುಲ್ ಅವರ ನೂರು ಮುಗಿಸುವ ಆತುರದಲ್ಲಿ ಚೆನ್ನಾಗಿ ಆಡುತ್ತಿದ್ದ ಪಂತ್ ರನೌಟ್ ಆದರು, ಮರಳಿ ಬಂದು ನೂರು ಮುಟ್ಟಿದ ಕೂಡಲೇ ರಾಹುಲ್ ಕೂಡ ಔಟ್. ಭಾರತ 22 ರನ್ನಿನಿಂದ ಸೋತ ಪಂದ್ಯ ಅದು.

ಸೋತ ಪಂದ್ಯದ ಶತಕಕ್ಕೆ ಬೆಲೆ ಕಡಿಮೆ ಎನ್ನುವವರ ಜೊತೆ ನಾನಿಲ್ಲ. ವಿಶ್ವನಾಥ್ ಶತಕ ಹೊಡೆದ ಹದಿನಾಲ್ಕು ಟೆಸ್ಟುಗಳಲ್ಲಿ ಭಾರತ ಒಂದನ್ನೂ ಸೋಲಲಿಲ್ಲ ಎಂಬುದು ಸುಂದರ ಸಂಗತಿ, ಆದರೆ ಅದನ್ನೇ ನಿಯಮ ಮಾಡಿದರೆ 2011ರ ಇಂಗ್ಲೆಂಡಿನಲ್ಲಿ ದ್ರಾವಿಡ್ ಹೊಡೆದ ಮೂರು ಶತಕಗಳನ್ನು ಏನು ಮಾಡುವುದು? ಭಾರತ ನಾಲ್ಕಕ್ಕೆ ನಾಲ್ಕೂ ಸೋತ ಸರಣಿಯಲ್ಲಿ, ಓವಲ್‌ನಲ್ಲಿ ಆರಂಭಿಕರಾಗಿ ಇಳಿದು ಕೊನೆಯ ವಿಕೆಟ್ ಬೀಳುವವರೆಗೆ ಅಜೇಯ 146ರೊಂದಿಗೆ ನಿಂತರಲ್ಲ, ಅದಕ್ಕಿಂತ ಹಿರಿದಾದ ಸಾಕ್ಷ್ಯ ಬೇಕೆ? 2023ರ ಕೊನೆಯಲ್ಲಿ ಸೆಂಚೂರಿಯನ್ನಿನಲ್ಲಿ ತಂಡದ 245ರಲ್ಲಿ ರಾಹುಲ್ ಹೊಡೆದ 101ನ್ನೂ ಇದೇ ನ್ಯಾಯದಿಂದ ನೋಡಬೇಕು. ಭಾರತ ಇನಿಂಗ್ಸ್ ಸೋಲುಂಡಿತು ಎಂಬ ಕಾರಣಕ್ಕೆ ಆ ಇನಿಂಗ್ಸ್ ಕುಗ್ಗುವುದಿಲ್ಲ.

ಇನ್ನು ತಗ್ಗುಗಳು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಓವಲ್ಲಿಗೆ ಬರುವ ತನಕ ಎಂಟು ಇನಿಂಗ್ಸುಗಳಲ್ಲಿ 113 ರನ್. ಓವಲ್ಲಿನ 149 ಅಮೋಘವೇ, ಆದರೆ ಸರಣಿ ಕೈತಪ್ಪಿದ ಮೇಲೆ ಬಂದದ್ದು. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ಐದು ಇನಿಂಗ್ಸುಗಳಲ್ಲಿ 57. ಭಾರತ ಅಲ್ಲಿ ಮೊದಲ ಬಾರಿ ಸರಣಿ ಗೆದ್ದಾಗ ಪುಜಾರ ಬಂಡೆಯಂತೆ ನಿಂತಿದ್ದರು, ರಾಹುಲ್ ಕಥೆಯಲ್ಲೇ ಇರಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾ ಎದುರು ಏಳು ಇನಿಂಗ್ಸುಗಳಲ್ಲಿ ಆರು ಅರ್ಧಶತಕ, ಒಂದೂ ಶತಕವಿಲ್ಲ. 2018ರಂಥ ವರ್ಷಗಳೇ ಸರಾಸರಿಯನ್ನು ಕೆಳಗೆ ಎಳೆದದ್ದು, ಅದರಲ್ಲಿ ಅಂಕಿಗಳ ಅನ್ಯಾಯವೇನೂ ಇಲ್ಲ. ಆರಂಭಿಕ, ಮಧ್ಯಮ ಕ್ರಮಾಂಕ, ವಿಕೆಟ್ ಕೀಪರ್ ಎಂದು ಸ್ಥಾನ ಬದಲಿಸಿ ಬದಲಿಸಿ ತಂಡವೇ ಅವರನ್ನು ಕೆಡಿಸಿತು ಎಂಬ ವಾದ ಕರಾವಳಿಯಲ್ಲಿ ಬಲವಾಗಿದೆ. ಅದರಲ್ಲಿ ಸತ್ಯದ ಪಾಲಿದೆ. ಆದರೆ ದ್ರಾವಿಡ್ ಅವರನ್ನೂ ಹಾಗೆಯೇ ದುಡಿಸಿಕೊಂಡರು. 2003ರ ವಿಶ್ವಕಪ್ಪಿನಲ್ಲಿ ಗ್ಲೌಸ್ ತೊಟ್ಟರು, ಬೇಕೆಂದಾಗ ಆರಂಭಿಕರಾದರು, 2001ರ ಕೋಲ್ಕತ್ತದ 180 ಬಂದದ್ದು ಆರನೆಯ ಕ್ರಮಾಂಕದಲ್ಲಿ. ಅದರ ನಡುವೆಯೇ 13,288 ರನ್, 36 ಶತಕ, 52.31ರ ಸರಾಸರಿ. ಟೆಸ್ಟಿನಲ್ಲಿ ಅವರು ಎದುರಿಸಿದ್ದು 31,258 ಬಾಲ್, ಇನ್ನಾರೂ ಅಷ್ಟನ್ನು ಎದುರಿಸಿಲ್ಲ. ಒಳ್ಳೆಯ ವರ್ಷಕ್ಕೂ ಕೆಟ್ಟ ವರ್ಷಕ್ಕೂ ಅಂತರ ಕಡಿಮೆ ಇರುವ ಈ ಗುಣವೇ ರಾಹುಲ್ ಅವರಲ್ಲಿ ಕಾಣೆಯಾಗಿರುವುದು.

ಏಕದಿನ, ಟಿ20 ಆಟವನ್ನು ಈ ತೂಕಕ್ಕೆ ಹೆಚ್ಚು ತರಲಾರೆ. 2023ರ ವಿಶ್ವಕಪ್ಪಿನಲ್ಲಿ ಚೆನ್ನೈಯಲ್ಲಿ ಆಸ್ಟ್ರೇಲಿಯಾ ಎದುರು ಅಜೇಯ 97 ತಂದ ಗೆಲುವು, ಅದೇ ಎದುರಾಳಿಯ ಮುಂದೆ ಫೈನಲ್‌ನಲ್ಲಿ 107 ಬಾಲಿಗೆ ಒಂದೇ ಬೌಂಡರಿಯ 66, ಎರಡೂ ಅವರವೇ. ಫೈನಲ್ ಸೋಲಿನ ಹೊರೆಯನ್ನು ಆ 66ರ ಮೇಲೆ ಹಾಕುವವರು ಇನ್ನೊಂದು ತುದಿಯಲ್ಲಿ ಬೀಳುತ್ತಿದ್ದ ವಿಕೆಟ್‌ಗಳನ್ನು ಎಣಿಸುವುದಿಲ್ಲ.

ಹಾಗಾದರೆ ಸ್ಥಾನ ಎಲ್ಲಿ? ಬ್ರ್ಯಾಡ್‌ಮನ್, ಹಾಬ್ಸ್, ಸೋಬರ್ಸ್, ರಿಚರ್ಡ್ಸ್, ತೆಂಡೂಲ್ಕರ್ ಕುಳಿತ ಸಾಲಿನಲ್ಲಿ ರಾಹುಲ್ ಇಲ್ಲ. ಹತ್ತಿರವೂ ಇಲ್ಲ ಎಂದು ಹೇಳಲು ನೋವಾದರೂ ಹೇಳಬೇಕು. ಕರ್ನಾಟಕದೊಳಗೆ ದ್ರಾವಿಡ್ ಮೊದಲು, ವಿಶ್ವನಾಥ್ ಅವರ ಬೆನ್ನಿಗೆ. ಮೂರನೆಯ ಸ್ಥಾನಕ್ಕೆ ನನ್ನ ಮಟ್ಟಿಗೆ ರಾಹುಲ್ ಎದುರು ಸ್ಪರ್ಧಿಯಿಲ್ಲ. ಭಾರತದ ಆರಂಭಿಕರಲ್ಲಿ ಗವಾಸ್ಕರ್, ಸೆಹ್ವಾಗ್ ಮೇಲೆ. ಆದರೆ ಪ್ರಶ್ನೆಯನ್ನು ಕಂಬಳದವರಂತೆ ‘ಯಾವ ಕರೆಯಲ್ಲಿ?’ ಎಂದು ಕೇಳಿದರೆ ನನ್ನ ಉತ್ತರ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ, ಮೋಡ ಕವಿದ ಬೆಳಗ್ಗೆ, ಹೊಸ ಡ್ಯೂಕ್ಸ್ ಬಾಲಿನ ಎದುರು ಗವಾಸ್ಕರ್ ಜೊತೆ ಇಳಿಯಲು ಭಾರತದ ಎಲ್ಲ ಕಾಲದ ಆಟಗಾರರಲ್ಲಿ ಒಬ್ಬರನ್ನು ಆರಿಸಬೇಕಿದ್ದರೆ, ಸೆಹ್ವಾಗ್ ಅವರನ್ನು ಬದಿಗಿಟ್ಟು ರಾಹುಲ್ ಹೆಸರು ಬರೆಯುತ್ತೇನೆ. ಹಳಬರು ವಿಜಯ್ ಮರ್ಚೆಂಟ್ ಅವರನ್ನು ನೆನಪಿಸಿಯಾರು. 1936ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮುಷ್ತಾಕ್ ಅಲಿ ಜೊತೆ 203 ರನ್ನಿನ ಆರಂಭ ಕೊಟ್ಟು 114 ಹೊಡೆದವರು, ಹತ್ತು ವರ್ಷದ ಬಳಿಕ ಮರಳಿ ಬಂದು ಓವಲ್‌ನಲ್ಲಿ 128 ಗಳಿಸಿದವರು. ಯುದ್ಧ ಅವರ ಯೌವನದ ವರ್ಷಗಳನ್ನು ನುಂಗಿದ್ದರಿಂದ ಆಡಿದ್ದು ಹತ್ತೇ ಟೆಸ್ಟ್, ಸರಾಸರಿ 47.72. ಮರ್ಚೆಂಟ್ ಹೆಸರು ಹೇಳುವವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಸೆಹ್ವಾಗ್ ಹೆಸರು ಹೇಳುವವರ ಜೊತೆ ಮಾತ್ರ ನಿಲ್ಲುತ್ತೇನೆ.