ಶಾಸನಗಳಲ್ಲಿ ಜನಜೀವನ: ಒಂದು ಗ್ರಂಥಾವಲೋಕನ

ಊರ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತ ವೀರಗಲ್ಲನ್ನು ಕಾಣದ ಕನ್ನಡಿಗರು ವಿರಳ. ಅದರ ಬರಹವನ್ನು ಓದಿ ಅರಿತವರು ಇನ್ನೂ ವಿರಳ. ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ವಾಚಕರು ಇಂದಿಗೂ ಕೈಗೆತ್ತಿಕೊಳ್ಳಬೇಕಾದುದು ಈ ಕಾರಣದಿಂದಲೇ. 1966ರಲ್ಲಿ ಪ್ರಕಟವಾದ ಈ ಮಹಾಪ್ರಬಂಧದ ವ್ಯಾಪ್ತಿ ಕ್ರಿ.ಶ. 450ರಿಂದ 1150ರವರೆಗೆ, ಎಂದರೆ ಏಳುನೂರು ವರ್ಷ.

ಶಾಸನವೆಂದೊಡನೆ ಅರಸರ ವಂಶಾವಳಿ, ಯುದ್ಧ, ತೇದಿಗಳನ್ನೇ ಹುಡುಕುವುದು ಬಹುಕಾಲದ ರೂಢಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ನೋಡಿರಿ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಇತಿಹಾಸದ ಪಾಠಗಳು ಇಷ್ಟನ್ನು ಎತ್ತಿಕೊಂಡು ಮುಂದೆ ಸಾಗುತ್ತವೆ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ! ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಮೆಚ್ಚುಗೆಯಾಗಿ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ಕಲ್ಲಿನ ಮೇಲೆ ಅವೆರಡರ ಕಾಳಗವೇ ಕೆತ್ತಿದೆ. ಪೂಜೆಗೆಂದು ಭೂಮಿಯನ್ನು ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದೂ ಬರೆಸಿದರು. ಹತ್ತನೆಯ ಶತಮಾನದ ಬೇಟೆ, ಒಡೆಯ-ಆಳುಗಳ ಸಂಬಂಧ, ಪ್ರಾಣಿಯ ಮೇಲಣ ಮಮತೆ, ಗುಡಿಯ ಗೊರವನ ನಿತ್ಯದ ಊಟ, ಎಲ್ಲವೂ ಇಲ್ಲಿ ಒಂದೆಡೆ ದೊರೆಯುತ್ತವೆ.

1057ರ ಬೆಳತೂರಿನ ಶಾಸನ ಬೇರೆ ಬಗೆಯದು. ಗಂಡ ಏಚನು ಹತನಾದ ಸುದ್ದಿ ಕೇಳಿ ದೇಕಬ್ಬೆ ಬೆಂಕಿಯನ್ನು ಹೊಗುತ್ತಾಳೆ. ಬೇಡವೆಂದು ಹೆತ್ತವರು ಅಂಗಲಾಚಿದ್ದನ್ನೂ ಆ ಕಲ್ಲು ಮರೆಮಾಡಿಲ್ಲ. ಸಹಗಮನವನ್ನು ಹೊಗಳಲು ಹಾಕಿಸಿದ ಕಲ್ಲಿನಲ್ಲೇ ಅದನ್ನು ತಡೆಯಬಯಸಿದವರ ದನಿಯೂ ಉಳಿದಿರುವುದನ್ನು ವಾಚಕರು ಗಮನಿಸಬೇಕು.

ಇಂತಹ ಸಂಗತಿಗಳನ್ನು ಅರಸರ ನೆರಳಿನಿಂದ ಹೊರತೆಗೆದು ಧರ್ಮ, ವಿದ್ಯೆ, ವೀರ, ಸತಿ ಮೊದಲಾದ ವಿಷಯಗಳಡಿ ಹೊಂದಿಸಿದ್ದು ಚಿದಾನಂದಮೂರ್ತಿಯವರ ದೊಡ್ಡ ಸಾಧನೆ. ಆ ಶ್ರಮವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೂ ಒಂದು ಮಾತನ್ನು ಹೇಳದಿರಲಾಗದು. ಹೀಗೆ ವಿಷಯವಾರು ವಿಂಗಡಿಸಿದಾಗ ಕಲ್ಲು ತನ್ನ ಊರನ್ನು ಕಳೆದುಕೊಳ್ಳುತ್ತದೆ. ಶತಮಾನಗಳ ಅಂತರವುಳ್ಳ ಎರಡು ಊರಿನ ಸಾಕ್ಷ್ಯಗಳು ಅಕ್ಕಪಕ್ಕದಲ್ಲಿ ಕುಳಿತು, ಎಲ್ಲೆಡೆಯೂ ಎಂದೆಂದೂ ಒಂದೇ ಬಾಳು ಇದ್ದಿತೆಂಬ ಭ್ರಮೆಗೆ ಎಡೆಯಾಗುತ್ತದೆ. ಮತ್ತೂ ಒಂದು ಎಚ್ಚರಿಕೆ ಅವಶ್ಯ: ಕಲ್ಲು ಹಾಕಿಸಿದವರು ಉಳ್ಳವರು. ದತ್ತಿಯ ಹೊಲವನ್ನು ಉತ್ತವನ ಹೆಸರು ಶಾಸನದಲ್ಲಿ ಸಿಗುವುದು ಅಪರೂಪ.

ಆದುದರಿಂದ ಈ ಗ್ರಂಥವನ್ನು ಓದಿದವರು ಶಾಸನಗಳ ಮೂಲಪಾಠವನ್ನೂ ತೆರೆದು ನೋಡುವುದು ಒಳಿತು. ಹಳೆಯ ಮೈಸೂರು ಸೀಮೆಯವರಿಗೆ ಬಿ.ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ತಾಲ್ಲೂಕುವಾರಾಗಿಯೇ ಇವೆ. ತಮ್ಮ ಊರಿನ ಹೆಸರನ್ನು ಅಲ್ಲಿ ಹುಡುಕಬಹುದು. ಆ ಬಳಿಕ ಕಲ್ಲು ಇನ್ನೂ ಸ್ಥಳದಲ್ಲಿದೆಯೇ ಎಂದು ಹೋಗಿ ನೋಡಬೇಕು. ಆತಕೂರಿನದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.