ಕಾರಣ ಹೇಳದ ಕೂಗು: ಲಿಂಕಿನ್ ಪಾರ್ಕ್ ಮರುಆಲಿಕೆ

ಹದಿಹರೆಯದಲ್ಲಿ ಮೆಚ್ಚಿದ ಕಾದಂಬರಿಯನ್ನು ಹತ್ತು ವರ್ಷದ ಮೇಲೆ ಮತ್ತೆ ಓದುವುದಕ್ಕೂ ಅದೇ ವಯಸ್ಸಿನಲ್ಲಿ ಮೆಚ್ಚಿದ ಬ್ಯಾಂಡನ್ನು ಮತ್ತೆ ಕೇಳುವುದಕ್ಕೂ ವ್ಯತ್ಯಾಸವಿದೆ. ಕಾದಂಬರಿಯ ಬಹುಪಾಲು ಮರೆತುಹೋಗಿರುವುದರಿಂದ ಎರಡನೆಯ ಓದೂ ಹೊಸ ಓದಿನಂತೆಯೇ ಶುರುವಾಗುತ್ತದೆ. ಹಾಡು ಹಾಗಲ್ಲ. ನೂರಾರು ಸಲ ಕೇಳಿದ ಹಾಡಿನಲ್ಲಿ ಹಾಡುಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದೂ ನಮ್ಮ ಮೈಗೆ ಗೊತ್ತಿರುತ್ತದೆ. ಅದರಿಂದ ವಿಮರ್ಶೆಗೆ ಬೇಕಾದಷ್ಟು ದೂರ ನಿಲ್ಲುವುದೇ ಕಷ್ಟ. ನನ್ನ ವಾರಿಗೆಯ ಹಲವರು "ಅದೆಲ್ಲ ಆ ವಯಸ್ಸಿನ ಹುಚ್ಚು" ಎಂದು ನಕ್ಕು ಸುಮ್ಮನಾಗುತ್ತಾರೆ. ಇನ್ನು ಕೆಲವರು "ಆಗಿನಂಥ ಹಾಡು ಈಗೆಲ್ಲಿ" ಎಂದು ನಿಟ್ಟುಸಿರು ಬಿಡುತ್ತಾರೆ. ಎರಡು ಮಾತೂ ನಮ್ಮ ವಯಸ್ಸನ್ನು ಕುರಿತದ್ದೇ ಹೊರತು ಹಾಡನ್ನು ಕುರಿತದ್ದಲ್ಲ.

ನಾನು ಮತ್ತೆ ಕೇಳಿದ್ದು ಲಿಂಕಿನ್ ಪಾರ್ಕನ್ನು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ 'ಜೀರೋ' ಎಂಬ ಹೆಸರಿನಿಂದ ಶುರುವಾದ ತಂಡ ಇದು. ಅರಿಜೋನಾದ ಚೆಸ್ಟರ್ ಬೆನಿಂಗ್ಟನ್ 1999ರಲ್ಲಿ ಬಂದು ಸೇರಿದ ಮೇಲೆ ಇದರ ಸ್ವರೂಪ ಗಟ್ಟಿಯಾಯಿತು. 2000ದ ಅಕ್ಟೋಬರಿನಲ್ಲಿ ಬಂದ ಮೊದಲ ಆಲ್ಬಂ 'ಹೈಬ್ರಿಡ್ ಥಿಯರಿ' ಮರುವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಎನಿಸಿತು. 2003ರಲ್ಲಿ 'ಮೀಟಿಯೋರಾ' ಬಂತು. ರಾಕ್ ಗಿಟಾರು, ರ್‍ಯಾಪ್, ಎಲೆಕ್ಟ್ರಾನಿಕ್ ಸದ್ದುಗಳನ್ನು ಕೂಡಿಸಿದ ಈ ಬಗೆಗೆ 'ನೂ ಮೆಟಲ್' ಎಂಬ ಹೆಸರಿತ್ತು. ಅನುಕೂಲಸ್ಥ ಹುಡುಗರ ಗೋಳಾಟ ಎಂದು ಇದನ್ನು ಹೀಗಳೆದ ವಿಮರ್ಶಕರೂ ಕಡಿಮೆಯಿರಲಿಲ್ಲ.

ನನ್ನಂಥವರ ಕಿವಿಗೆ ಈ ಹಾಡುಗಳು ತಲುಪಿದ್ದು ಹತ್ತು ಹನ್ನೆರಡು ವರ್ಷ ತಡವಾಗಿ. ಮೊಬೈಲ್ ಅಂಗಡಿಯಲ್ಲಿ 20 ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ ಕಾಲ. ಕನ್ನಡ ಸಿನಿಮಾದ ಹಾಡುಗಳ ನಡುವೆ 'ಟ್ರಾನ್ಸ್‌ಫಾರ್ಮರ್ಸ್' ಚಿತ್ರದ ಕೃಪೆಯಿಂದ ಇವರ ಒಂದೆರಡು ಹಾಡು ಬಂದು ಕೂರುತ್ತಿದ್ದವು. ಉಳಿದವು ಪಿಯುಸಿ ಹಾಸ್ಟೆಲಿನಲ್ಲಿ ಬ್ಲೂಟೂತ್ ಮೂಲಕ ಫೋನಿನಿಂದ ಫೋನಿಗೆ ಹರಿದವು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಆ ಇಂಗ್ಲಿಷಿನಲ್ಲಿ ಅರ್ಧ ಪಾಲೂ ತಿಳಿಯುತ್ತಿರಲಿಲ್ಲ. ಪಲ್ಲವಿಯಲ್ಲಿ ಬೆನಿಂಗ್ಟನ್ ಕೂಗುವುದು ಮಾತ್ರ ತಿಳಿಯುತ್ತಿತ್ತು.

ಕೂಗು ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು. ನಮ್ಮ ಸುತ್ತ ಹುಡುಗರ ದುಃಖಕ್ಕೆ ಸಿಗುತ್ತಿದ್ದ ಹಾಡುಗಳೆಲ್ಲ ಪ್ರೇಮವೈಫಲ್ಯದವು. 'ಮುಂಗಾರು ಮಳೆ'ಯ ನಂತರದ ದಶಕದ ಕನ್ನಡ ಸಿನಿಮಾದಲ್ಲಿ ನಾಯಕ ಮಳೆಯಲ್ಲಿ ನೆನೆದು ಹಾಡುತ್ತಾನೆಂದರೆ ಅದಕ್ಕೊಬ್ಬಳು ಹುಡುಗಿ ಕಾರಣಳಾಗಿರಲೇಬೇಕು. ಹಾಸ್ಟೆಲಿನಲ್ಲಿ ಯಾರಾದರೂ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ರೂಮಿನವರು ಕೇಳುತ್ತಿದ್ದದ್ದು ಒಂದೇ: "ಯಾಕೋ ಮಗಾ, ಹುಡುಗಿ ಕೈ ಕೊಟ್ಲಾ?" ಟೆಸ್ಟಿನಲ್ಲಿ ಬಂದ ಮಾರ್ಕ್ಸು, ಅಪ್ಪ ಕಟ್ಟಿದ ಫೀಸು, ತನಗೆ ಏನು ಬೇಕೆಂದೇ ತಿಳಿಯದ ಗಲಿಬಿಲಿ, ಇವಕ್ಕೆಲ್ಲ ಹಾಡಿರಲಿಲ್ಲ. 'ಹೈಬ್ರಿಡ್ ಥಿಯರಿ', 'ಮೀಟಿಯೋರಾ'ಗಳಲ್ಲಿ ಪ್ರೇಮಗೀತೆ ಎನ್ನಬಹುದಾದದ್ದು ಇಲ್ಲವೆಂದೇ ಹೇಳಬೇಕು. ಹುಡುಗಿಯನ್ನು ನೆಪ ಮಾಡಿಕೊಳ್ಳದೆ ಸಂಕಟಪಡಬಹುದು ಎಂಬುದೇ ನಮಗೆ ದೊಡ್ಡ ಸುದ್ದಿಯಾಗಿತ್ತು. ಅದೂ ಅಳುವಿನ ರೂಪದಲ್ಲಿ ಬರದೆ ಸಿಟ್ಟಿನ ರೂಪದಲ್ಲಿ ಬಂದದ್ದರಿಂದ ಕೇಳಲು ನಾಚಿಕೆಯಿರಲಿಲ್ಲ. ಗಂಡುಹುಡುಗರಿಗೆ ಸಿಟ್ಟಿಗೆ ಸಿಗುವಷ್ಟು ಪರವಾನಗಿ ಅಳುವಿಗೆ ಎಲ್ಲಿದೆ?

ಈಗ ಸಾಹಿತ್ಯ ಹಿಡಿದುಕೊಂಡು ಕೇಳಿದರೆ ಮೊದಲು ಕಣ್ಣಿಗೆ ಬೀಳುವುದು ಆ ಹಾಡುಗಳ ಅಸ್ಪಷ್ಟತೆ. ಒಬ್ಬ 'ನಾನು', ಅವನನ್ನು ಒತ್ತುತ್ತಿರುವ ಒಬ್ಬ 'ನೀನು'. ಆ 'ನೀನು' ಅಪ್ಪನೋ ಗೆಳೆಯನೋ ಚಟವೋ ತನ್ನದೇ ಮನಸ್ಸೋ ತಿಳಿಯುವುದಿಲ್ಲ. ಊರಿನ ಹೆಸರಿಲ್ಲ, ಬೀದಿಯಿಲ್ಲ, ದಿನವಿಲ್ಲ, ನಡೆದ ಘಟನೆಯೂ ಇಲ್ಲ. ಕಾವ್ಯದಲ್ಲಿ ಅನುಭವದ ನಿರ್ದಿಷ್ಟತೆಯನ್ನು ಕೇಳುವ ನವ್ಯ ವಿಮರ್ಶೆಯ ಗರಡಿಯಲ್ಲಿ ಪಳಗಿದ ನಮ್ಮ ವಿಭಾಗಗಳಲ್ಲಿ ಈ ಸಾಲುಗಳನ್ನು ಕವಿತೆಯೆಂದು ಮುಂದಿಟ್ಟರೆ ಉಳಿಯುವುದು ಅನುಮಾನ.

ತೀನಂಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ' ಓದಿದವರಿಗೆ ಇದನ್ನು ಇನ್ನಷ್ಟು ಖಚಿತವಾಗಿ ಹೇಳಬಹುದು. ಭರತನ ಪ್ರಕಾರ ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳು ಕೂಡಿದರೆ ರಸ. ವಿಭಾವವೆಂದರೆ ಭಾವಕ್ಕೆ ಕಾರಣವಾದ ವ್ಯಕ್ತಿ, ಸನ್ನಿವೇಶ. ಅನುಭಾವವೆಂದರೆ ಆ ಭಾವ ಮೈಯಲ್ಲಿ ತೋರುವ ಕುರುಹು. ಲಿಂಕಿನ್ ಪಾರ್ಕಿನ ಹಾಡುಗಳಲ್ಲಿ ಅನುಭಾವ ಧಾರಾಳವಾಗಿದೆ. ನಡುಗುವ ದನಿ, ಒಡೆಯುವ ದನಿ, 'ಗಿವನ್ ಅಪ್' ಹಾಡಿನಲ್ಲಿ ಎಡೆಬಿಡದೆ 17 ಸೆಕೆಂಡ್ ಎಳೆದ ಕಿರುಚು. ವಿಭಾವವನ್ನು ಮಾತ್ರ ಹಾಡಿನಿಂದ ಕಿತ್ತುಹಾಕಿದ್ದಾರೆ. ಆ ಖಾಲಿ ಜಾಗಕ್ಕೆ ಕೇಳುವವನು ತನ್ನದನ್ನು ತುಂಬಿಕೊಳ್ಳುತ್ತಾನೆ. ಕ್ಯಾಲಿಫೋರ್ನಿಯಾದ ಹಾಡಿನೊಳಕ್ಕೆ ಹಾಸನ ಸೀಮೆಯ ಹಾಸ್ಟೆಲಿನ ಹುಡುಗ ಅಷ್ಟು ಸಲೀಸಾಗಿ ಹೊಕ್ಕದ್ದು ಹೀಗೆ.

ಅಭಿನವಗುಪ್ತ ಹೇಳುವ ಸಾಧಾರಣೀಕರಣ ಇದೇ ಎಂದುಬಿಡುವ ಆಸೆಯಾಗುತ್ತದೆ. ಆದರೆ ಅಲ್ಲಿ ದುಷ್ಯಂತನೆಂಬ ನಿರ್ದಿಷ್ಟ ವ್ಯಕ್ತಿಯನ್ನು ಹಾದೇ ಭಾವ ಎಲ್ಲರದಾಗುತ್ತದೆ. ಇಲ್ಲಿ ಹಾದುಹೋಗಲು ಯಾರೂ ಇಲ್ಲ. ನನ್ನ ಸಂಕಟವೇ ನನಗೆ ಮರಳಿ ಕೇಳಿಸುತ್ತದೆ. ವಯಸ್ಸಾದಂತೆ ಇಂಥ ಹಾಡು ಟೊಳ್ಳೆನಿಸುವುದಕ್ಕೂ ಇದೇ ಕಾರಣ. ಅಂದು ನಾವು ತುಂಬಿದ್ದ ಸಂಕಟ ಕರಗಿಹೋಗಿದೆ, ಪಾತ್ರೆ ಬರಿದಾಗಿ ಸದ್ದು ಮಾಡುತ್ತಿದೆ.

ಬರೆಯಲು ಬಾರದೆ ಹೀಗೆ ಬರೆದರು ಎಂದು ತಳ್ಳಿಹಾಕಲು ಮಾತ್ರ ಬರುವುದಿಲ್ಲ. ತಂಡದ ಮುಖ್ಯ ಗೀತಕಾರರಲ್ಲೊಬ್ಬನಾದ ಮೈಕ್ ಶಿನೋಡಾ 2005ರಲ್ಲಿ 'ಫೋರ್ಟ್ ಮೈನರ್' ಎಂಬ ಬೇರೆ ಹೆಸರಿನಲ್ಲಿ ಹೊರತಂದ ಆಲ್ಬಮ್ಮಿನಲ್ಲಿ 'ಕೆಂಜಿ' ಎಂಬ ಹಾಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದ ಕಥೆ ಅದು. ಅವನ ಮನೆತನವೂ ಅನುಭವಿಸಿದ್ದು. ಅದರಲ್ಲಿ ಹೆಸರಿದೆ, ಮಾಂಜನಾರ್ ಶಿಬಿರವಿದೆ, ಅವನ ಅಪ್ಪ ಮತ್ತು ಅತ್ತೆಯ ದನಿಮುದ್ರಣದ ತುಣುಕುಗಳೂ ಇವೆ. ಇಷ್ಟು ನಿರ್ದಿಷ್ಟವಾಗಿ ಬರೆಯಬಲ್ಲವನು ಲಿಂಕಿನ್ ಪಾರ್ಕಿನಲ್ಲಿ ಬೇಕೆಂದೇ ಹೆಸರುಗಳನ್ನು ಬಿಟ್ಟ ಎಂದೇ ಅಂದುಕೊಳ್ಳಬೇಕು.

ಹೆಸರು ಬಿಟ್ಟ ಹಾಡಿನೊಳಗೂ ಸೂಕ್ಷ್ಮಗಳಿವೆ. ಇನ್ನೊಬ್ಬರಿಗೆ ಬೇಕಾದಂತೆ ಬದುಕಿ ದಣಿದವನ ಹಾಡು 'ನಂಬ್'. ನಮ್ಮ ಹಾಸ್ಟೆಲಿನ ರಾಷ್ಟ್ರಗೀತೆ ಅನ್ನಿ. ಹಾಡು ಮುಗಿಯುವ ಮುಂಚೆ ಒಂದು ತಿರುವಿದೆ: ತನ್ನನ್ನು ಒತ್ತುತ್ತಿರುವವನೂ ಹಿಂದೊಮ್ಮೆ ಇನ್ಯಾರದೋ ನಿರಾಶೆಗೆ ಗುರಿಯಾಗಿದ್ದವನೇ ಎಂಬ ಗುರುತು. ಎಲ್ಲ ದೂರು ಮುಗಿದ ಮೇಲೆ ಎದುರಿನವನ ಬೆನ್ನ ಹಿಂದೆ ಅವನ ಅಪ್ಪ ಕಾಣಿಸಿಕೊಂಡಂತೆ. ಹದಿನಾರರಲ್ಲಿ ಕಿವಿ ಪಲ್ಲವಿಗಾಗಿ ಕಾಯುತ್ತಿರುತ್ತದೆ, ಈ ಸಾಲುಗಳು ಸುಮ್ಮನೆ ದಾಟಿಹೋಗುತ್ತವೆ. ಎಸ್ಸೆಸ್ಸೆಲ್ಸಿ ಮುಗಿಸಲಾಗದೆ ಜಮೀನಿಗೆ ಇಳಿದು, ಮಗ ಎಂಜಿನಿಯರ್ ಆಗಲೆಂದು ಸೈನ್ಸ್ ಕೊಡಿಸಿ, ಕೊನೆಗೆ ಅವನು ಕನ್ನಡ ಎಂ.ಎ. ಸೇರಿದಾಗ "ಆಯ್ತು ಬಿಡಪ್ಪ" ಎಂದಷ್ಟೇ ಹೇಳಿದ ಅಪ್ಪನ ಮಗನಾಗಿ ಈಗ ಕೇಳುವಾಗ ಹಾಡಿನ ತೂಕವೆಲ್ಲ ನನಗೆ ಅಲ್ಲಿಗೆ ಸರಿದಿದೆ. ಬಂಡಾಯದ ಹಾಡೆಂದು ಪ್ರಸಿದ್ಧವಾದದ್ದರ ಒಳಗೆ ಅಪ್ಪಂದಿರ ಕುರಿತ ಕರುಣೆ ಎರಡು ಸಾಲಿನಷ್ಟು ಜಾಗ ಮಾಡಿಕೊಂಡಿದೆ.

2017ರ ಜುಲೈ 20ರಂದು, 41ನೆಯ ವಯಸ್ಸಿನಲ್ಲಿ ಬೆನಿಂಗ್ಟನ್ ಆತ್ಮಹತ್ಯೆ ಮಾಡಿಕೊಂಡರು. ಬಾಲ್ಯದಲ್ಲಿ ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ, ಮಾದಕ ವ್ಯಸನದ ಬಗ್ಗೆ ಅವರು ಸಂದರ್ಶನಗಳಲ್ಲಿ ಮುಂಚೆಯೇ ಹೇಳಿಕೊಂಡಿದ್ದರು. 2002ರಲ್ಲಿ ಗ್ರ್ಯಾಮಿ ಪಡೆದ 'ಕ್ರಾಲಿಂಗ್' ಆ ವ್ಯಸನದ ಹಾಡೇ. ಅನುಕೂಲಸ್ಥರ ಗೋಳಾಟವೆಂಬ ಹಳೆಯ ಆರೋಪ ಇಲ್ಲಿಗೆ ನಿಲ್ಲುವುದಿಲ್ಲ. ಆದರೆ ಆಮೇಲೆ ಶುರುವಾದದ್ದು ಇನ್ನೊಂದು ಬಗೆಯ ಸಡಿಲ ಓದು. ಖಾಲಿ ಬಿಟ್ಟಿದ್ದ ಜಾಗದಲ್ಲೆಲ್ಲ ಕೇಳುಗರು ಹಾಡುಗಾರನ ಸಾವನ್ನು ತುಂಬತೊಡಗಿದರು. ಪ್ರತಿ ಹಾಡೂ ಮುನ್ಸೂಚನೆಯಾಯಿತು. 'ಬ್ರೇಕಿಂಗ್ ದ ಹ್ಯಾಬಿಟ್' ಕೇಳಿದರೆ ಇದು ಬೆನಿಂಗ್ಟನ್ನರ ಆತ್ಮಕಥೆಯೇ ಎನ್ನಿಸುತ್ತದೆ. ಅದರ ಸಾಹಿತ್ಯ ಬರೆದದ್ದು ಶಿನೋಡಾ. ಕವಿಯ ಜೀವನಚರಿತ್ರೆಯಿಂದ ಕವಿತೆಯನ್ನು ಬಿಡಿಸುವ ಆತುರ ಎಲ್ಲಿ ಎಡವುತ್ತದೆಂದು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇದೇ ಎಚ್ಚರ ಕೊನೆಯ ಆಲ್ಬಂ 'ಒನ್ ಮೋರ್ ಲೈಟ್' ವಿಷಯದಲ್ಲೂ ಬೇಕು. 2017ರ ಮೇ ತಿಂಗಳಲ್ಲಿ ಅದು ಬಂದಾಗ ಗಿಟಾರಿನ ಅಬ್ಬರವಿಲ್ಲ, ಕೂಗಿಲ್ಲ, ಬರೀ ಪಾಪ್ ಎಂದು ಅಭಿಮಾನಿಗಳೇ ಬೈದರು. ಎರಡು ತಿಂಗಳ ಮೇಲೆ ಅದೇ ಆಲ್ಬಂ ಪವಿತ್ರವಾಯಿತು. ಸಾವು ಕೃತಿಗೆ ಅಂಕ ಕೊಡಬಾರದು. ಅದರ ಹೆಚ್ಚಿನ ಹಾಡುಗಳು ಅಂದಿನ ರೇಡಿಯೋದ ಅಚ್ಚಿನಲ್ಲಿ ಎರಕ ಹೊಯ್ದಂಥವು, ಈಗಲೂ ನೀರಸ. ಶೀರ್ಷಿಕೆಯ ಹಾಡೊಂದು ಬೇರೆ. ಕ್ಯಾನ್ಸರಿನಿಂದ ತೀರಿಕೊಂಡ, ತಂಡದ ಗೆಳತಿಯೊಬ್ಬಳಿಗಾಗಿ ಹುಟ್ಟಿದ ಆ ಹಾಡಿನಲ್ಲಿ ಬೆನಿಂಗ್ಟನ್ ದನಿಯೇರಿಸದೆ ಹಾಡುತ್ತಾರೆ. ನೋವನ್ನು ತಾನಿಟ್ಟುಕೊಂಡು ಅದರ ಹಾಡನ್ನಷ್ಟೇ ರಸಿಕನಿಗೆ ಕೊಡುವ ಕವಿಯೊಬ್ಬ ಬೇಂದ್ರೆಯವರಲ್ಲಿದ್ದಾನೆ. ಮೊದಲ ಆಲ್ಬಮ್ಮುಗಳಲ್ಲಿ ಬೆನಿಂಗ್ಟನ್ ಅದಕ್ಕೆ ತೀರ ವಿರುದ್ಧ, ನೋವನ್ನು ನೋವಿನ ಸದ್ದಿನಲ್ಲೇ ತಂದು ಸುರಿಯುವವರು. ಈ ಒಂದು ಹಾಡಿನಲ್ಲಿ ಮಾತ್ರ ಬೇಂದ್ರೆಯ ದಾರಿಗೆ ಹತ್ತಿರ ಬಂದಿದ್ದಾರೆ.

ಹಾಗಾದರೆ ಹಳೆಯ ಹಾಡುಗಳಲ್ಲಿ ಇಂದಿಗೂ ಉಳಿದದ್ದೇನು? ನನ್ನ ಮಟ್ಟಿಗೆ ಅವುಗಳ ಎರಡು ದನಿಗಳ ಕಟ್ಟು. ಚರಣದಲ್ಲಿ ಶಿನೋಡಾ ರ್‍ಯಾಪ್ ಮಾಡುತ್ತಾನೆ, ಅಂದರೆ ಮಾತಾಡುತ್ತಾನೆ. ಏನಾಯಿತು, ಹೇಗಾಯಿತು, ಎಲ್ಲಿ ತಪ್ಪಿತು ಎಂದು ಸಾವಕಾಶ ಬಿಡಿಸಲು ನೋಡುತ್ತಾನೆ. ಮಾತು ಸೋತ ಕಡೆ ಪಲ್ಲವಿಯಲ್ಲಿ ಬೆನಿಂಗ್ಟನ್ ನುಗ್ಗುತ್ತಾರೆ. 'ಇನ್ ದ ಎಂಡ್' ಈ ಕಟ್ಟಿನ ಉತ್ತಮ ಮಾದರಿ. ಪಿಯಾನೋದ ಕೆಲವೇ ಸ್ವರಗಳ ಮೇಲೆ ಒಬ್ಬ ವಿವರಿಸುತ್ತಾನೆ, ಇನ್ನೊಬ್ಬ ಆ ವಿವರಣೆಯ ವ್ಯರ್ಥತೆಯನ್ನು ಹಾಡುತ್ತಾನೆ. 'ಹೈಬ್ರಿಡ್ ಥಿಯರಿ'ಯ 12 ಹಾಡುಗಳು 38 ನಿಮಿಷದೊಳಗೆ ಮುಗಿಯುತ್ತವೆ, ಅಷ್ಟರಲ್ಲಿ ಒಂದೇ ಒಂದು ಬೈಗುಳವಿಲ್ಲ. ಕಟ್ಟೆಯೊಡೆದ ಆಕ್ರೋಶದಂತೆ ಕೇಳಿಸಿದರೂ ಅಳತೆ ಹಿಡಿದು ಕೂಡಿಸಿದ ಕೆಲಸ ಅದು. ಕೂಗಿಗೆ ಬೆಲೆ ಬಂದಿರುವುದು ಪಕ್ಕದಲ್ಲಿ ಒಬ್ಬ ಮಾತಾಡುತ್ತಿರುವುದರಿಂದ. ಹುಡುಗರಾಗಿ ನಾವು ಕೂಗುವವನ ಜೊತೆಗಿದ್ದೆವು. ಈಗ ನನಗೆ ಹೆಚ್ಚು ಕೇಳಿಸುವುದು ಪಕ್ಕದಲ್ಲಿ ನಿಂತು ಮಾತು ನಿಲ್ಲಿಸದವನ ದನಿ.

2010ರ 'ಎ ಥೌಸಂಡ್ ಸನ್ಸ್' ಕುರಿತು ಒಂದು ಮಾತು. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದ ಸಾವಿರ ಸೂರ್ಯರ ಪ್ರತಿಮೆ ಅಣುಬಾಂಬಿನ ಓಪನ್‌ಹೈಮರ್ ಮೂಲಕ ಹಾದು ಈ ಹೆಸರಾಗಿದೆ. ಆಲ್ಬಮ್ಮಿನೊಳಗೆ ಓಪನ್‌ಹೈಮರರ ದನಿಯಿದೆ, ಮಾರ್ಟಿನ್ ಲೂಥರ್ ಕಿಂಗ್ ಅವರ ದನಿಯೂ ಇದೆ. ಸಂಶೋಧನಾ ಲೇಖನಕ್ಕೆ ಹೇಳಿ ಮಾಡಿಸಿದಂತಿರುವ ಕೃತಿ. ಇತಿಹಾಸವೇ ಅಲ್ಲಿ ವಿಭಾವ. ಆದರೂ ಎಂಟು ಸಲ ಕೇಳಿದ ಮೇಲೂ ನನ್ನನ್ನು ಹಿಡಿದದ್ದು ಅದರ ವಿಚಾರ, ಹಾಡುಗಳಲ್ಲ. ಲೇಖನ ಬರೆಯಲು ಒದಗುವುದಕ್ಕೂ ಕಿವಿಯಲ್ಲಿ ಉಳಿಯುವುದಕ್ಕೂ ನಡುವಿನ ಈ ಅಂತರವನ್ನು ನಮ್ಮಂಥ ಪಿಎಚ್‌.ಡಿ. ವಿದ್ಯಾರ್ಥಿಗಳು ಒಪ್ಪಿಕೊಂಡಿರುವುದು ಒಳ್ಳೆಯದು.

2024ರಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಗಾಯಕಿಯೊಂದಿಗೆ ತಂಡ ಮತ್ತೆ ಕೂಡಿತು, ನವೆಂಬರಿನಲ್ಲಿ 'ಫ್ರಮ್ ಜೀರೋ' ಬಂತು. ಬೆನಿಂಗ್ಟನ್ ಹಾಡಿದ್ದನ್ನು ಬೇರೆಯವರು ಹಾಡುವುದೇ ಎಂದು ನನ್ನ ಗೆಳೆಯರಲ್ಲಿ ಹಲವರಿಗೆ ಇನ್ನೂ ಮುನಿಸಿದೆ. ರಾಕ್ ಸಂಗೀತ ಹಾಡನ್ನು ಒಂದು ಗಂಟಲಿಗೆ ಕಟ್ಟಿಹಾಕುತ್ತದೆ, ಮುನಿಸು ಸಹಜ. ಆದರೆ ಶಿಶುನಾಳ ಶರೀಫರ ತತ್ತ್ವಪದಗಳು ಭಜನೆಯ ಮೇಳಗಳ ಬಾಯಲ್ಲಿ ಬೆಳೆದು ಸಿ. ಅಶ್ವಥ್ ಅವರ ಏರುದನಿಗೆ ಬಂದಾಗ ನಾವು ಯಾರೂ ಮೂಲದ ಗಂಟಲನ್ನು ಕೇಳಲಿಲ್ಲ. ಆರ್ಮ್‌ಸ್ಟ್ರಾಂಗ್ 'ನಂಬ್' ಹಾಡುವ ಒಂದು ದಾಖಲೆಯನ್ನು ಈಚೆಗೆ ಕೇಳಿದೆ. ಹೆಣ್ಣುದನಿಯಲ್ಲಿ ಆ 'ನಾನು' ಥಟ್ಟನೆ ಮಗಳಾಗಿಬಿಟ್ಟಿತು. ಅಪ್ಪ, ಅಮ್ಮ, ಅತ್ತೆಮನೆ, ಎಲ್ಲರಿಗೂ ಬೇಕಾದಂತೆ ಇರಲು ಹೋಗಿ ದಣಿದ ಎಷ್ಟು ಜನ ಹೆಣ್ಣುಮಕ್ಕಳು ನಮ್ಮ ತರಗತಿಗಳಲ್ಲೇ ಇದ್ದರು. ಅವರ ಮೆಮೊರಿ ಕಾರ್ಡುಗಳಲ್ಲಿ ಯಾವ ಹಾಡಿತ್ತೆಂದು ಹಾಸ್ಟೆಲಿನ ಹುಡುಗರಾದ ನಾವು ಯಾರೂ ಕೇಳಿದ ನೆನಪಿಲ್ಲ. ಹೆಸರಿಲ್ಲದ ಆ 'ನಾನು' ಅವರಿಗೂ ಅಷ್ಟೇ ತೆರೆದಿತ್ತು.